ಹಳೆ ಟ್ರ್ಯಾಕ್ಟರಿನ ಬಗ್ಗಿದ ಪಟ್ಟಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕೃಷಿ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಡ್ರೋನ್ ಬರುತ್ತದೆ, ಹೊಸ ಬಿತ್ತನೆ ಯಂತ್ರ ಬರುತ್ತದೆ, ಸಬ್ಸಿಡಿ ಸುದ್ದಿ ಬರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮೂರಲ್ಲಿ ಮುಂಗಾರಿಗೆ ಹೊಲ ಹಸನು ಮಾಡುವುದು ಹೆಚ್ಚಾಗಿ 20–30 ವರ್ಷ ದುಡಿದ ಟ್ರ್ಯಾಕ್ಟರುಗಳೇ. ಅವುಗಳ ರಿಪೇರಿ ಬಗ್ಗೆ ಒಂದು ಸಾಲೂ ಕಾಣುವುದಿಲ್ಲ. ಮೂರು ವರ್ಷ ನನ್ನನ್ನು ಕಾಡಿದ ಒಂದು ಸಣ್ಣ ತಪ್ಪಿನ ಕಥೆ ಬರೆಯುತ್ತಿದ್ದೇನೆ. ಬೇರೆಯವರ ದುಡ್ಡಾದರೂ ಉಳಿಯಲಿ.

ನನ್ನದು 35 ಹೆಚ್‌ಪಿಯ ಹಳೆ ಮ್ಯಾಸ್ಸಿ ಟ್ರ್ಯಾಕ್ಟರ್. ಸಲಕರಣೆ ಎತ್ತುವ ಹಿಂದಿನ ಲಿಫ್ಟಿಗೆ ಕೆಳಗೆ ಎರಡು ಕೈ, ಮೇಲೊಂದು ಟಾಪ್ ಲಿಂಕ್. ಹ್ಯಾರಿ ಫರ್ಗೂಸನ್ ಕಂಡುಹಿಡಿದ ಈ ಮೂರು ಕೊಂಡಿಯ ಲಿಫ್ಟು 1939ರಲ್ಲಿ ಫೋರ್ಡ್ ಟ್ರ್ಯಾಕ್ಟರಿಗೆ ಬಂತು. ಇವತ್ತಿಗೂ ಎಲ್ಲ ಕಂಪನಿಗಳೂ ಅದನ್ನೇ ಹಾಕುತ್ತವೆ. ಕೆಳಗಿನ ಕೈಗಳು ಎಡಕ್ಕೆ ಬಲಕ್ಕೆ ತೂಗಾಡಬಾರದು ಅಂತ ಎರಡೂ ಬದಿಗೆ ಒಂದೊಂದು ಕಬ್ಬಿಣದ ಪಟ್ಟಿ ಇರುತ್ತದೆ. ಸ್ಟೆಬಿಲೈಸರ್ ಬಾರ್ ಅನ್ನುತ್ತಾರೆ. ಅದರ ಹಿಂದಿನ ತುದಿ ಕೈಗೆ, ಮುಂದಿನ ತುದಿ ಗಾಡಿಗೆ ಹಾಕಿದ ಬ್ರಾಕೆಟ್ಟಿಗೆ ಪಿನ್ನಿನಿಂದ ಸೇರಿರುತ್ತದೆ. ಕೆಲವು ಗಾಡಿಗೆ ಪಟ್ಟಿಯ ಬದಲು ಚೈನು ಇರುತ್ತದೆ. ನನ್ನ ಗಾಡಿಗೆ ಮೊದಲಿನ ಮಾಲೀಕರು ಚೈನು ತೆಗೆದು ಪಟ್ಟಿ ಹಾಕಿಸಿದ್ದರು.

ಆ ಬಲಗಡೆಯ ಪಟ್ಟಿ ಬಗ್ಗತೊಡಗಿತು. ಮಣ್ಣು ಪುಡಿ ಮಾಡುವ ರೋಟವೇಟರ್ ಎತ್ತಿಕೊಂಡು ಮನೆಗೆ ಬರುವಾಗ ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತಿತ್ತು. ಕಮ್ಮಾರನ ಹತ್ತಿರ ನೇರ ಮಾಡಿಸಿದೆ. ಮತ್ತೆ ಬಗ್ಗಿತು. ಮುಂದಿನ ವರ್ಷ ಜಾಸ್ತಿ ದಪ್ಪದ ಪಟ್ಟಿ ಹಾಕಿಸಿದೆ. ಆಗ ಪಟ್ಟಿ ಬಗ್ಗಲಿಲ್ಲ, ಬ್ರಾಕೆಟ್ಟಿನ ಬೋಲ್ಟೇ ತುಂಡಾಯಿತು. ಮೂರನೇ ವರ್ಷ ಪಟ್ಟಿಯ ತೂತನ್ನು ದೊಡ್ಡದು ಮಾಡಿಸಿದೆ. ಲಿಫ್ಟು ಸಲೀಸಾಗಿ ಎದ್ದಿತು, ನಿಜ. ಆದರೆ ಸಡಿಲ ಬಂದು ರೋಟವೇಟರ್ ಎಡಕ್ಕೆ ವಾಲಿ ಟೈರಿಗೆ ಉಜ್ಜಿತು. ಗೋವಿನಜೋಳದಲ್ಲಿ ಸಾಲಿನ ನಡುವಿನ ಕಳೆ ತೆಗೆಯಲು ಕಲ್ಟಿವೇಟರ್ ಕಟ್ಟಿ ಎಡೆ ಹೊಡೆಯುವಾಗ ಇನ್ನೂ ಕಷ್ಟ. ನಾವು ಸಾಲಿನಿಂದ ಸಾಲಿಗೆ 60 ಸೆಂ.ಮೀ. ಬಿಡುತ್ತೇವೆ. ಕಲ್ಟಿವೇಟರ್ ನಾಲ್ಕು ಬೆರಳು ಪಕ್ಕಕ್ಕೆ ಸರಿದರೆ ಬೇರು ಹೋಯಿತು ಅಂತಲೇ ಲೆಕ್ಕ. ಆ ವರ್ಷ ಮೊಣಕಾಲೆತ್ತರದ ಬೆಳೆ ಎರಡು ಸಾಲು ಬಾಡಿ ನಿಂತದ್ದು ಇನ್ನೂ ಕಣ್ಣಮುಂದಿದೆ.

ಕಾರಣ ಕಂಡುಹಿಡಿದದ್ದು ನನ್ನ ತಮ್ಮನ ಮಗ. ಅವನು ಮಾಡಿದ್ದು ಇಷ್ಟೇ. ಹಿಂದೆ ಏನನ್ನೂ ಕಟ್ಟದೆ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿದ. ಬಲಗಡೆ ಪಟ್ಟಿಯ ಹಿಂದಿನ ಪಿನ್ನು ತೆಗೆದ. ಪಟ್ಟಿಯ ತುದಿಯನ್ನು ಕೆಳಗಿನ ಕೈಯ ಪಕ್ಕಕ್ಕೇ ಬರುವಂತೆ ಹಗ್ಗದಲ್ಲಿ ಸಡಿಲವಾಗಿ ಕಟ್ಟಿದ. ನನ್ನನ್ನು ಸೀಟಿನ ಮೇಲೆ ಕೂರಿಸಿ ಲಿಫ್ಟನ್ನು ನಿಧಾನ ಎತ್ತಿಸಿದ. ತಾನು ದೂರ ನಿಂತು ನೋಡಿದ. ಕೆಳಗಿದ್ದಾಗ ತೂತಿಗೆ ತೂತು ಸರಿಯಾಗಿ ಕೂಡುತ್ತಿತ್ತು. ಮೇಲೆ ಬಂದಾಗ ಒಂದು ಹೆಬ್ಬೆರಳಿನಷ್ಟು ತಪ್ಪುತ್ತಿತ್ತು. ಎಡಗಡೆ ಹಾಗೇ ಮಾಡಿ ನೋಡಿದರೆ ಕೆಳಗಿನಿಂದ ಮೇಲಿನತನಕ ಒಂದೇ ಸಮ.

ಅಂದರೆ ಪಟ್ಟಿಯದು ಏನೂ ತಪ್ಪಿರಲಿಲ್ಲ. ಅದರ ಮುಂದಿನ ಪಿನ್ನು ಕೂತ ಜಾಗವೇ ತಪ್ಪು.

ಮನೆ ಬಾಗಿಲನ್ನು ನೆನಪಿಸಿಕೊಳ್ಳಿ. ಅದರ ಎರಡು ಕೀಲೂ ಒಂದೇ ಗೆರೆಯಲ್ಲಿರಬೇಕು. ಒಂದು ಸ್ವಲ್ಪ ಆಚೆ ಕೂತರೂ ಬಾಗಿಲು ಅರ್ಧಕ್ಕೆ ಬಿಗಿಯುತ್ತದೆ. ಇಲ್ಲೂ ಅದೇ. ಕೆಳಗಿನ ಕೈ ತನ್ನ ಮುಂದಿನ ಪಿನ್ನಿನ ಸುತ್ತ ತಿರುಗುತ್ತಾ ಏಳುತ್ತದೆ. ಪಟ್ಟಿಯ ಮುಂದಿನ ಪಿನ್ನೂ ಅದೇ ಗೆರೆಯಲ್ಲಿದ್ದರೆ ಎರಡೂ ಜೊತೆಯಾಗಿ ಏಳುತ್ತವೆ. ಪಟ್ಟಿಯ ಪಿನ್ನು ಮೇಲಿದ್ದರೆ ಲಿಫ್ಟು ಎದ್ದಂತೆ ಪಟ್ಟಿಗೆ ಜಾಗ ಸಾಲದೆ ಅದು ಬಾಗುತ್ತದೆ. ಕೆಳಗಿದ್ದರೆ ಎತ್ತುವಾಗ ಎಳೆದುಕೊಂಡು ಬೋಲ್ಟನ್ನು ಕೀಳುತ್ತದೆ. ನಾವು ಗೌಂಡಿಯ ದಾರ, ತೂಗುಗುಂಡು ಹಿಡಿದು ಅಳೆದೆವು. ಅದಕ್ಕೆ ಮೊದಲು ಎರಡೂ ಟೈರಿನ ಗಾಳಿ ಸಮ ಮಾಡಿಕೊಂಡೆವು. ಬಲಗಡೆ ಪಿನ್ನು 4 ಸೆಂ.ಮೀ. ಮೇಲಿತ್ತು. ನನ್ನ ಗಾಡಿಯ ಕೈ ಸುಮಾರು 80 ಸೆಂ.ಮೀ. ಉದ್ದ. ಹುಡುಗ ಹಾಳೆಯ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದ. ಲಿಫ್ಟು ಪೂರ್ತಿ ಕೆಳಗಿನಿಂದ ಪೂರ್ತಿ ಮೇಲೆ ಬರುವಷ್ಟರಲ್ಲಿ ಪಟ್ಟಿ ಎರಡೂವರೆ ಸೆಂ.ಮೀ.ಗಿಂತ ಜಾಸ್ತಿ ಗಿಡ್ಡವಾಗಬೇಕಿತ್ತು. ಕಬ್ಬಿಣ ಗಿಡ್ಡವಾಗುತ್ತದಾ? ಬಗ್ಗುತ್ತದೆ, ಇಲ್ಲವೇ ಮುರಿಯುತ್ತದೆ.

ಇದು ಹೇಗಾಯಿತು ಅಂತ ಆಮೇಲೆ ಹೊಳೆಯಿತು. ಮೂರು ವರ್ಷದ ಹಿಂದೆ ಆಕ್ಸಲಿನ ಆಯಿಲ್ ಸೀಲ್ ಹಾಕಿಸಿದ್ದೆ. ನನ್ನ ಗಾಡಿಯಲ್ಲಿ ಆಕ್ಸಲಿನ ಬೋಲ್ಟಿಗೇ ಬ್ರಾಕೆಟ್ ಕೂರುತ್ತದೆ. ವಾಪಸ್ ಹಾಕುವಾಗ ಅದು ತಲೆಕೆಳಗಾಗಿದೆ. ತೂತುಗಳು ಹಾಗೂ ಕೂಡುತ್ತವೆ, ಹೀಗೂ ಕೂಡುತ್ತವೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಬಿಚ್ಚುವ ಮೊದಲು ಸುಣ್ಣದಲ್ಲೋ ಚಾಕ್‌ಪೀಸಿನಲ್ಲೋ ಒಂದು ಗುರುತು ಹಾಕಿದ್ದರೆ ಮೂರು ವರ್ಷ ಉಳಿಯುತ್ತಿತ್ತು ಅಲ್ವಾ?

ಬ್ರಾಕೆಟ್ ತಿರುಗಿಸಿ ಹಾಕಲು ಒಂದು ಮಧ್ಯಾಹ್ನ ಸಾಕಾಯಿತು. ಆದರೆ ಅದು ಆಕ್ಸಲಿನ ಬೋಲ್ಟು, ಸುಮ್ನೆ ಬಿಚ್ಚಬಾರದು. ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟೆವು. ಆಕ್ಸಲಿನ ಕೆಳಗೆ ಜಾಕ್, ಅದರ ಜೊತೆಗೆ ಗಟ್ಟಿ ಮರದ ದಿಮ್ಮಿ ಇಟ್ಟೆವು. ಇಂಜಿನ್ ಬಂದ್, ಲಿಫ್ಟು ಪೂರ್ತಿ ಕೆಳಗೆ. ಎತ್ತಿಟ್ಟ ಸಲಕರಣೆಯ ಕೆಳಗೆ ಯಾರೂ ಕೈ ಹಾಕಬಾರದು. ಲಿಫ್ಟು ಎಣ್ಣೆಯ ಒತ್ತಡದ ಮೇಲೆ ನಿಂತಿರುತ್ತದೆ, ಹಳೆಯ ಸೀಲ್ ಯಾವಾಗ ಬಿಡುತ್ತದೆ ಅಂತ ಹೇಳಲಾಗದು. ಬೋಲ್ಟು ಬಿಗಿ ಮಾಡಿದ ಮೇಲೆ ಒಂದು ದಿನ ಕೆಲಸ ಮಾಡಿ ಮತ್ತೊಮ್ಮೆ ಬಿಗಿ ನೋಡಿದೆವು.

ನೇಗಿಲು ಹೊಡೆಯುವವರಿಗೆ ಒಂದು ಮಾತು. ಪಲ್ಟಿ ನೇಗಿಲಿಗೆ ಪಕ್ಕದಲ್ಲಿ ಸ್ವಲ್ಪ ಆಟ ಬೇಕು, ಆಗಲೇ ಅದು ಟ್ರ್ಯಾಕ್ಟರಿನ ಹಿಂದೆ ತನ್ನ ದಾರಿ ಹಿಡಿಯುತ್ತದೆ. ಪಟ್ಟಿ ಹಾಕಿ ಬಿಗಿದಿಟ್ಟರೆ ಸಾಲು ಸೊಟ್ಟವಾಗುತ್ತದೆ. ರೋಟವೇಟರಿಗೆ, ಎಡೆ ಹೊಡೆಯುವ ಕಲ್ಟಿವೇಟರಿಗೆ ಮಾತ್ರ ಬಿಗಿ ಬೇಕು.

ಈಗ ನನ್ನ ಕೋರಿಕೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಬೀಜ, ಗೊಬ್ಬರಕ್ಕೆ ನಾವೆಲ್ಲ ಅಲ್ಲಿಗೇ ಹೋಗುತ್ತೇವೆ. ರೋಹಿಣಿ ಮಳೆಗೆ ಮೊದಲು ಅಲ್ಲಿ ಒಂದು ದಿನ ಹಳೆ ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿ, ಲಿಫ್ಟು, ಪಿನ್ನು, ಬ್ರಾಕೆಟ್ ಅಳೆದು ನೋಡುವುದನ್ನು ಕಲಿಸಲಿ. ಬೇಕಾಗುವುದು ದಾರ, ತೂಗುಗುಂಡು, ಒಂದು ಟೇಪು. ಗೊತ್ತಿರುವ ಒಬ್ಬ ಮೆಕ್ಯಾನಿಕ್‌ಗೆ ಆ ದಿನದ ಕೂಲಿ ಕೊಟ್ಟರೆ ಸಾಕು. ನೀವೂ ಕೃಷಿ ಪುಟದಲ್ಲಿ ವಾರಕ್ಕೊಂದು ಸಲ ಹಳೆ ಯಂತ್ರದ ಒಂದು ರಿಪೇರಿಯನ್ನು ಚಿತ್ರದ ಜೊತೆ ಹಾಕಿ. ಮೊದಲನೆಯದಕ್ಕೆ ನಮ್ಮ ಹುಡುಗ ಎಳೆದ ಗೆರೆಯ ಚಿತ್ರವನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ.

– ಒಬ್ಬ ರೈತ, ರಾಣೆಬೆನ್ನೂರು ತಾಲ್ಲೂಕು