ವಿಚ್ಛೇದನದ ಖರ್ಚು ಹೆಚ್ಚುವುದು ಎಲ್ಲಿ?

ಮಾನ್ಯ ಸಂಪಾದಕರೇ,

ವಿಚ್ಛೇದನಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದವರಿಗೆ ಸಿಗುವ ಉತ್ತರ ವಕೀಲರ ಫೀಜಿನ ಒಂದು ಮೊತ್ತ ಮಾತ್ರ. ಅರ್ಜಿಯ ಕೋರ್ಟ್ ಶುಲ್ಕವಂತೂ ಲೆಕ್ಕಕ್ಕೇ ಬಾರದಷ್ಟು ಚಿಕ್ಕದು. ಜೇಬು ಖಾಲಿಯಾಗುವುದು ವಾಯಿದೆಗಳಿಂದ, ಅಂದರೆ ಮತ್ತೆ ಮತ್ತೆ ಬೀಳುವ ವಿಚಾರಣೆಯ ದಿನಗಳಿಂದ, ಮತ್ತು ಒಂದೇ ಜಗಳಕ್ಕೆ ಹೂಡುವ ಮೂರು ನಾಲ್ಕು ಕೇಸುಗಳಿಂದ.

ಮೊದಲ ಸೋರಿಕೆ ನೋಟಿಸಿನಲ್ಲೇ ಶುರು. ಎದುರುದಾರರ ವಿಳಾಸ ಅರ್ಧಂಬರ್ಧ ಇದ್ದರೆ 'ಮನೆಗೆ ಬೀಗ', 'ವಿಳಾಸದಾರರಿಲ್ಲ' ಎಂಬ ಷರಾದೊಂದಿಗೆ ಅದು ವಾಪಸು ಬರುತ್ತದೆ. ಪ್ರತಿ ವಾಪಸಿಗೂ ಮತ್ತೆ ಪ್ರೋಸೆಸ್ ಫೀ (ನೋಟಿಸು ಕಳಿಸುವ ಶುಲ್ಕ), ಮತ್ತೊಂದು ವಾಯಿದೆ, ಮತ್ತೊಂದು ದಿನದ ರಜೆ. ಕೆಲಸದ ಸ್ಥಳದ ವಿಳಾಸವನ್ನೂ ಮೊದಲೇ ಕೊಟ್ಟರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಇನ್ನು ವಿಚ್ಛೇದನದ ಅರ್ಜಿ ಒಂದು ಕಡೆ, ಜೀವನಾಂಶದ್ದು ಇನ್ನೊಂದು ಕಡೆ, ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಮಗದೊಂದು. ಪ್ರತಿಯೊಂದಕ್ಕೂ ಬೇರೆ ವಕಾಲತ್ತು (ವಕೀಲರಿಗೆ ಕೊಡುವ ಅಧಿಕಾರಪತ್ರ), ಬೇರೆ ಫೀಜು.

ಜೀವನಾಂಶದ ಹಂತದಲ್ಲಿ ಕೇಸು ಎಳೆಯುವುದು ಆದಾಯ ಮುಚ್ಚಿಡುವುದರಿಂದ. ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರವನ್ನು (ಅಫಿಡವಿಟ್) ಇಬ್ಬರೂ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೇಶ್-ನೇಹಾ ಪ್ರಕರಣದಲ್ಲಿ ಹೇಳಿ ನಮೂನೆಯನ್ನೂ ಕೊಟ್ಟಿದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಮೊದಲೇ ಒಟ್ಟುಮಾಡಿಕೊಂಡವರಿಗೆ ಪಾಟೀ ಸವಾಲಿನ ಎಷ್ಟೋ ವಾಯಿದೆಗಳು ತಪ್ಪುತ್ತವೆ.

ಅಗ್ಗದ ದಾರಿ ಪರಸ್ಪರ ಒಪ್ಪಿಗೆಯದು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿ ಹಾಕಲು ದಂಪತಿ ಕನಿಷ್ಠ 1 ವರ್ಷ ಬೇರೆ ಬಾಳಿರಬೇಕು. ಅರ್ಜಿಯ ನಂತರ 6 ತಿಂಗಳು ಕಾಯಬೇಕು. ಸೂಕ್ತ ಪ್ರಕರಣಗಳಲ್ಲಿ ಕೋರ್ಟು ಈ ಅವಧಿಯನ್ನು ಮನ್ನಾ ಮಾಡಬಹುದು ಎಂಬುದು ಸುಪ್ರೀಂ ಕೋರ್ಟಿನ 2017ರ ತೀರ್ಪು. ಆದರೆ ಇಲ್ಲಿಯೂ ಹಣ ಕಳೆದುಕೊಳ್ಳುವವರಿದ್ದಾರೆ. ಒಪ್ಪಿಕೊಂಡ ಜೀವನಾಂಶದ ಇಡೀ ಮೊತ್ತವನ್ನು ಮೊದಲ ದಿನವೇ ಕೊಟ್ಟುಬಿಡುತ್ತಾರೆ. ಡಿಕ್ರಿಗೆ (ಕೋರ್ಟಿನ ವಿಚ್ಛೇದನದ ಆದೇಶಕ್ಕೆ) ಮುನ್ನ ಒಪ್ಪಿಗೆ ಹಿಂಪಡೆಯಲು ಇಬ್ಬರಿಗೂ ಅವಕಾಶವಿದೆ ಎಂಬುದು ನೆನಪಿರುವುದಿಲ್ಲ. ಒಂದು ಪಾಲು ಅರ್ಜಿಯ ದಿನ, ಉಳಿದದ್ದು ಅಂತಿಮ ಹೇಳಿಕೆಯ ದಿನ ಕೋರ್ಟಿನಲ್ಲೇ ಡಿಡಿ ಮೂಲಕ ಎಂದು ಬರೆಸುವುದು ಕ್ಷೇಮ. ಬಾಕಿ ಇರುವ ಕೇಸುಗಳನ್ನೆಲ್ಲ ಒಪ್ಪಂದದಲ್ಲಿ ನಂಬರು ಸಮೇತ ನಮೂದಿಸಬೇಕು. ವರದಕ್ಷಿಣೆ ಕಿರುಕುಳದ ಕೇಸನ್ನು ಪತ್ನಿ ತಾನಾಗಿ ವಾಪಸು ಪಡೆಯಲಾಗದು. ಅದರ ರದ್ದತಿಗೆ ಹೈಕೋರ್ಟಿಗೆ ಹೋಗಬೇಕು, ಆ ಖರ್ಚು ಯಾರದು ಎಂದು ಒಪ್ಪಂದದಲ್ಲೇ ಇರಲಿ.

ಜಂಟಿ ಗೃಹಸಾಲವನ್ನಂತೂ ಬಹುತೇಕರು ಮರೆತೇಬಿಡುತ್ತಾರೆ. 'ಕಂತು ಗಂಡನೇ ಕಟ್ಟತಕ್ಕದ್ದು' ಎಂದು ಡಿಕ್ರಿಯಲ್ಲಿ ಬರೆದ ಮಾತ್ರಕ್ಕೆ ಹೆಂಡತಿಯ ಹೊಣೆ ಕಳೆಯುವುದಿಲ್ಲ. ಬ್ಯಾಂಕು ಆ ಒಪ್ಪಂದದ ಪಕ್ಷಗಾರನಲ್ಲ. ಕಂತು ತಪ್ಪಿದರೆ ಕೆಡುವುದು ಇಬ್ಬರ ಸಿಬಿಲ್ ಸ್ಕೋರ್. ಸಾಲವನ್ನು ಒಬ್ಬರ ಹೆಸರಿಗೆ ಬದಲಿಸಲು ಬ್ಯಾಂಕು ಒಪ್ಪುತ್ತದೆಯೇ ಎಂಬುದನ್ನು ಸಹಿಗೆ ಮೊದಲೇ ಲಿಖಿತವಾಗಿ ತಿಳಿದುಕೊಳ್ಳಬೇಕು. ಮನೆಯ ಪಾಲನ್ನು ಒಬ್ಬರು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರದ ಮುದ್ರಾಂಕ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಣವಿಲ್ಲದವರಿಗೆ ಕಾನೂನು ಬಾಗಿಲು ಮುಚ್ಚಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಸ್ವಂತ ಆದಾಯ ಸಾಲದ ಗಂಡ ಅಥವಾ ಹೆಂಡತಿ ಎದುರುದಾರರಿಂದ ವ್ಯಾಜ್ಯದ ಖರ್ಚನ್ನೇ ಕೇಳಬಹುದು. ನೋಟಿಸು ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಈ ಅರ್ಜಿ ಇತ್ಯರ್ಥವಾಗಬೇಕು. 'ಸಾಧ್ಯವಾದಷ್ಟು' ಎಂಬ ಮಾತಿನ ಮರೆಯಲ್ಲಿ ಎಷ್ಟು ತಿಂಗಳು ಸರಿಯುತ್ತವೆ ಎಂಬುದು ಕೋರ್ಟಿಗೆ ಅಲೆದವರಿಗೆ ಗೊತ್ತು. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ಎಂದು ವಕೀಲರು ಫೀಜು ಗೊತ್ತುಮಾಡಿಕೊಳ್ಳುವಂತಿಲ್ಲ, ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ.

ಇದನ್ನೆಲ್ಲ ಕಕ್ಷಿದಾರರು ತಿಳಿಯುವುದು ಅರ್ಧ ಹಣ ಕರಗಿದ ಮೇಲೆ. ಪ್ರತಿ ಕುಟುಂಬ ನ್ಯಾಯಾಲಯದ ಫೈಲಿಂಗ್ ಕೌಂಟರಿನ ಎದುರು ಈ ಹಕ್ಕುಗಳ ಕನ್ನಡ ಫಲಕ ಹಾಕಲಿ. ಆಸ್ತಿ ವಿವರದ ಪ್ರಮಾಣಪತ್ರದ ಕನ್ನಡ ನಮೂನೆ ಅಲ್ಲೇ ಉಚಿತವಾಗಿ ಸಿಗಲಿ. ಫೀಜು ಒಟ್ಟು ಕೇಸಿಗೋ, ವಾಯಿದೆಗೋ ಎಂಬುದನ್ನು ವಕೀಲರು ವಕಾಲತ್ತಿಗೆ ಸಹಿ ಹಾಕಿಸುವ ದಿನವೇ ಬರೆದುಕೊಡುವ ಪದ್ಧತಿಯೂ ಬರಲಿ.

– ಕೌಟುಂಬಿಕ ವ್ಯಾಜ್ಯಗಳ ವಕೀಲರೊಬ್ಬರು