ಅವ್ವನ ಮನೆಗೆ ಕ್ಯಾಮೆರಾ ಬೇಡ

ತಮ್ಮ,

ನೀನು ಕಳಿಸಿದ ಫೋಟೋ ನೋಡಿದೆ, ಅವ್ವ ಒಬ್ಬಳೇ ಇರುವ ಮನೆಗೆ ಹಾಕಬೇಕು ಅಂತಿರುವ ಕ್ಯಾಮೆರಾದ್ದೂ, ಬಿದ್ದರೆ ತಿಳಿಸುವ ವಾಚಿನದ್ದೂ. ಫೋನಿನಲ್ಲಿ ಹೇಳಲು ಹೋದರೆ ನಡುವೆ ಬಾಯಿ ಹಾಕುತ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವನಿಗೂ ಓದಿ ಹೇಳು.

ಇಲ್ಲಿ ಅಮೆರಿಕದಲ್ಲಿ ನಾನು ಕೆಲಸ ಮಾಡುವ ಅಸಿಸ್ಟೆಡ್ ಲಿವಿಂಗ್ ಅಂದರೆ ಆಸ್ಪತ್ರೆಯಲ್ಲ. ವಯಸ್ಸಾದವರಿಗೆ ಒಬ್ಬೊಬ್ಬರಿಗೂ ಒಂದು ಕೋಣೆ, ಒಂದು ಫ್ರಿಜ್ಜು. ಸ್ನಾನಕ್ಕೆ, ಮಾತ್ರೆಗೆ ನಾವಿರುತ್ತೇವೆ. ಫ್ರಿಜ್ಜಿನ ಬಾಗಿಲಿಗೆ, ಬಾತ್‌ರೂಮಿನ ಬಾಗಿಲಿಗೆ ಬೆಂಕಿಪೆಟ್ಟಿಗೆಯಷ್ಟು ಸೆನ್ಸರ್ ಅಂಟಿಸಿದ್ದಾರೆ. ಬೆಳಿಗ್ಗೆ 9 ಆದರೂ ಎರಡೂ ಬಾಗಿಲು ತೆರೆಯದಿದ್ದರೆ ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಹೋಗಿ ಕದ ಬಡಿಯುತ್ತೇನೆ.

ಮೊದಲ ದಿನ ಇದನ್ನು ತೋರಿಸಿದಾಗ ನನಗೆ ನಗು ಬಂತು. ಹಳೇ ಬಾಗಲಕೋಟೆಯಲ್ಲಿ ಇದೇ ಇತ್ತಲ್ವಾ? ಗೋಡೆಗೆ ಗೋಡೆ ಹತ್ತಿದ ಮನೆಗಳು. ಅಜ್ಜಿ ಜ್ವರ ಬಂದು ಮಲಗಿದ ದಿನ, ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ ಅಂತ ಪಕ್ಕದ ಮನೆ ಕಾಕು ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು. ಆಲಮಟ್ಟಿ ಹಿನ್ನೀರಿಗೆ ಆ ಓಣಿ ಹೋಯಿತು. ಬದಲಿಗೆ ಕೊಟ್ಟ ನವನಗರದಲ್ಲಿ ಸೆಕ್ಟರು, ಅಗಲ ರಸ್ತೆ, ಕಾಂಪೌಂಡು, ಗೇಟು ಎಲ್ಲ ಸಿಕ್ಕವು, ಆದರೆ ಅಲ್ಲಿ ಅವ್ವ ಕೆಮ್ಮಿದರೆ ಪಕ್ಕದವರಿಗೆ ಕೇಳುವುದಿಲ್ಲ.

ಈಗ ಕ್ಯಾಮೆರಾಕ್ಕೆ ಬರೋಣ. ಅವ್ವ ಬಿದ್ದಳು ಅಂತಿಟ್ಟುಕೋ. ನೀನು ಬೆಳಗಾವಿಯಲ್ಲಿ ಕೂತು ನೋಡುತ್ತಿ, ನಾನು ಇಲ್ಲಿ ಓಹಾಯೋದಲ್ಲಿ ನಿದ್ದೆಗಣ್ಣಲ್ಲಿ ನೋಡುತ್ತೇನೆ. ಎತ್ತುವವರು ಯಾರು? ಮೇಲಾಗಿ ಅವ್ವ ಪಡಸಾಲೆಯಲ್ಲಿ ಬೀಳುವವಳಲ್ಲ, ಬೀಳುವುದು ಬಚ್ಚಲದಲ್ಲಿ. ಅಲ್ಲಿ ಕ್ಯಾಮೆರಾ ಹಾಕುತ್ತೀಯಾ? ಇಲ್ಲಿ ಒಬ್ಬರು, ಒತ್ತಿದರೆ ನಮ್ಮನ್ನು ಕರೆಯುವ, ಕೊರಳಿಗೆ ಹಾಕುವ ಬಟನ್ನನ್ನು ಒದ್ದೆಯಾಗುತ್ತದೆ ಅಂತ ಟವೆಲ್ಲಿನ ಮೊಳೆಗೆ ಸಿಕ್ಕಿಸಿ ಸ್ನಾನಕ್ಕೆ ಕೂತಿದ್ದರು. ಅದು ಒದ್ದೆಯಾದರೂ ಕೆಡದ ಬಟನ್ನು! ನಾನು ಹೋಗುವ ಹೊತ್ತಿಗೆ ಅವರು ನೆಲದ ಮೇಲೆ, ಬಟನ್ನು ಮೊಳೆಯ ಮೇಲೆ.

ವಾಚಿನ ಕಥೆಯೂ ಅಷ್ಟೇ. ಜೋರಾಗಿ ಬಿದ್ದರೆ ಅದಕ್ಕೆ ಗೊತ್ತಾಗುತ್ತದೆ. ತಲೆ ಸುತ್ತಿ ಗೋಡೆ ಹಿಡಿದು ಮೆಲ್ಲಗೆ ಕುಸಿದರೆ ಗೊತ್ತಾಗದೇ ಹೋಗಬಹುದು. ದಿನಾ ಚಾರ್ಜ್ ಬೇರೆ. ಬಳೆಗಳ ನಡುವೆ ಅವ್ವ ಅದನ್ನು ಎಷ್ಟು ದಿನ ಇಟ್ಟುಕೊಂಡಾಳು, ನೀನೇ ಹೇಳು.

ಮಷೀನೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಾರ್ಟಿನ ತೊಂದರೆ ಇರುವ ಒಬ್ಬ ಅಜ್ಜ ಇದ್ದಾರೆ. ದಿನಾ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ, ಅದರೊಳಗೇ ಸಿಮ್ ಇದೆ, ಅಂಕಿ ತಾನೇ ನರ್ಸ್‌ಗೆ ಹೋಗುತ್ತದೆ. ಮೂರು ದಿನದಲ್ಲಿ 2 ಕಿಲೋ ಏರಿತು. ಅಜ್ಜ ಮಾತ್ರ ಆರಾಮಿದ್ದೇನೆ ಅಂದರು. ಕಾಲುಚೀಲ ಇಳಿಸಿದೆ, ಎಲಾಸ್ಟಿಕ್ಕಿನ ಗೆರೆ ಕಾಲಿನಲ್ಲಿ ಬಳೆಯ ಹಾಗೆ ಕೊರೆದಿತ್ತು. ಅದು ಊಟದ ತೂಕ ಅಲ್ಲ, ಮೈಯಲ್ಲಿ ನಿಂತ ನೀರಿನ ತೂಕ. ಡಾಕ್ಟರ್ ನೀರು ಇಳಿಸುವ ಮಾತ್ರೆ ಹೆಚ್ಚಿಸಿದರು, ಆಸ್ಪತ್ರೆ ತಪ್ಪಿತು.

ಮಷೀನು ಸುಳ್ಳು ಗಂಟೆಯೂ ಬಾರಿಸುತ್ತದೆ. ಒಂದು ರಾತ್ರಿ 2ಕ್ಕೆ ಒಬ್ಬ ಅಜ್ಜಿಯ ತೋಳಿಗೆ ಅಂಟಿಸಿದ ಶುಗರ್ ಸೆನ್ಸರಿನಿಂದ 52 ಅಂತ ಬಂತು, ತೀರಾ ಕಡಿಮೆ. ಜ್ಯೂಸ್ ಹಿಡಿದು ಓಡಿದೆ. ಗೊರಕೆ ಹೊಡೆಯುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ 118. ಸೆನ್ಸರ್ ಇರುವ ತೋಳಿನ ಮೇಲೇ ಒರಗಿ ಮಲಗಿದ್ದರು. ಅದು ನೋಡುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ನೀರನ್ನು. ಒತ್ತಿದರೆ ಲೆಕ್ಕ ತಪ್ಪುತ್ತದೆ. ಎಬ್ಬಿಸಿದ್ದಕ್ಕೆ ಬೈಸಿಕೊಂಡೆ, ಅದು ಬೇರೆ.

ಅವ್ವನಿಗೆ ಇರುವುದು ಬಿಪಿ ಒಂದೇ. ತೋಳಿಗೆ ಕಟ್ಟುವ ಒಳ್ಳೆ ಬಿಪಿ ಮಷೀನ್ ತಾ, ಮಣಿಕಟ್ಟಿನದ್ದು ಬೇಡ. ಪಟ್ಟಿ ಅವಳ ತೋಳಿನ ಅಳತೆಯದ್ದೇ ಇರಲಿ, ಸಣ್ಣದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಚಹಾ ಕುಡಿದು ಅರ್ಧ ತಾಸಾದರೂ ಆಗಿರಬೇಕು. ಕುರ್ಚಿಗೆ ಬೆನ್ನು ಕೊಟ್ಟು, ಕಾಲು ನೆಲಕ್ಕೆ ಊರಿ, 5 ನಿಮಿಷ ಸುಮ್ನೆ ಕೂರಬೇಕು. ಕುಪ್ಪಸದ ತೋಳಿನ ಮೇಲೆ ಪಟ್ಟಿ ಕಟ್ಟಬೇಡ, ಬರಿ ತೋಳಿಗೆ, ಎದೆಯ ಮಟ್ಟಕ್ಕೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಎಲ್ಲಕ್ಕಿಂತ ಕಷ್ಟದ್ದು, ಆಗ ಮಾತಾಡಬಾರದು. ಅವ್ವ ಮಷೀನಿನ ಜೊತೆಗೂ ಮಾತಾಡುವವಳು. ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಲಿ, ವಾರಕ್ಕೊಮ್ಮೆ ನೀನು ಅದರ ಫೋಟೋ ತರಿಸಿಕೊಂಡು ನನಗೆ ಕಳಿಸು. ಕರೆಂಟ್ ಹೋದರೂ, ವೈಫೈ ಹೋದರೂ ಕ್ಯಾಲೆಂಡರ್ ಇರುತ್ತದೆ.

ಬಚ್ಚಲಿಗೆ ಒಂದು ಹಿಡಿಕೆ ಹಾಕಿಸು. ಇನ್ನೊಂದು ಕೀಲಿ ಮಾಡಿಸಿ ಎದುರು ಮನೆಯ ಟೀಚರ್ ಹತ್ತಿರ ಕೊಡು. ಅವರ ನಂಬರು, 108, ನಿನ್ನದು, ಮೂರನ್ನೂ ದೊಡ್ಡದಾಗಿ ಬರೆದು ಅವ್ವನ ಮಂಚದ ಹತ್ತಿರ ಕೆಳಗೆ ಅಂಟಿಸು, ನೆಲದ ಮೇಲೆ ಬಿದ್ದವಳಿಗೂ ಕಾಣುವ ಹಾಗೆ. ಬೆಳಿಗ್ಗೆ 8ಕ್ಕೆ ಅವ್ವ ಬಾಗಿಲಿಗೆ ನೀರು ಹಾಕಿರದಿದ್ದರೆ ಬಂದು ಕದ ಬಡಿಯಿರಿ ಅಂತ ಟೀಚರ್‌ಗೆ ನೀನೇ ಹೋಗಿ ಕೇಳಿಕೋ, ಫೋನಿನಲ್ಲಿ ಬೇಡ.

ಕ್ಯಾಮೆರಾ ಈಗಾಗಲೇ ತಂದುಬಿಟ್ಟಿದ್ದರೆ ಗೇಟಿಗೆ ಹಾಕು.

ನಿನ್ನ ಅಕ್ಕ