ಪಾಂಬನ್ ಹಳೆಯ ಸೇತುವೆಯನ್ನು ಗುಜರಿಗೆ ಹಾಕಬೇಡಿ: ರೈಲ್ವೆ ರಾಜ್ಯ ಸಚಿವರಿಗೆ ಮೈಸೂರಿನಿಂದ ಬಹಿರಂಗ ಪತ್ರ

ಮಾನ್ಯ ವಿ. ಸೋಮಣ್ಣನವರಿಗೆ ನಮಸ್ಕಾರಗಳು.

2025ರ ಏಪ್ರಿಲ್ 6ರಂದು, ತಮಿಳುನಾಡಿನಲ್ಲಿ ಕಡಲು ದಾಟಿ ರಾಮೇಶ್ವರ ದ್ವೀಪಕ್ಕೆ ಹೋಗುವ ಪಾಂಬನ್‌ನಲ್ಲಿ ಹೊಸ ರೈಲ್ವೆ ಸೇತುವೆ ಉದ್ಘಾಟನೆಯಾಯಿತು. ಅದು ಆಗಲೇಬೇಕಿತ್ತು. 1914ರ ಹಳೆಯ ಸೇತುವೆ ನೂರು ವರ್ಷಕ್ಕೂ ಮಿಕ್ಕಿ ಉಪ್ಪುಗಾಳಿಗೆ ಮೈಯೊಡ್ಡಿ ಸವೆದಿತ್ತು. 2022ರ ಡಿಸೆಂಬರ್‌ನಲ್ಲಿ ಅದರ ಮೇಲೆ ರೈಲು ಸಂಚಾರವೇ ನಿಂತಿತು. ರಾಮೇಶ್ವರಕ್ಕೆ ಹೋಗುವ ನಮ್ಮ ಕಡೆಯ ಯಾತ್ರಿಕರ ಜೀವಕ್ಕಿಂತ ಹಳೆಯ ಕಬ್ಬಿಣ ದೊಡ್ಡದೆಂದು ನಾನು ಹೇಳುವುದಿಲ್ಲ. ಕಳಚಲು ಹೊರಟಿರುವ ಆ ಹಳೆಯ ಸೇತುವೆಯ ಒಂದು ಭಾಗಕ್ಕೆ ಮಾತ್ರ ನನ್ನ ಕೋರಿಕೆ ಸಂಬಂಧಿಸಿದ್ದು: ಮೇಲೆದ್ದು ಹಡಗಿಗೆ ದಾರಿ ಬಿಡುತ್ತಿದ್ದ, ಶೆರ್ಜರ್ ಎಂಬ ಎಂಜಿನಿಯರನ ಹೆಸರು ಹೊತ್ತ ಶೆರ್ಜರ್ ಕಮಾನು.

ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ಭಾಗ ವಿದ್ಯುತ್ ಬಲದಿಂದ ನೆಟ್ಟಗೆ 17 ಮೀಟರ್ ಮೇಲೇರುತ್ತದೆ. ಹಳೆಯದರಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಮನುಷ್ಯರ ತೋಳು. ಕೆಲಸಗಾರರು ಎರಡೂ ದಡದ ಕಡೆ ನಿಂತು ಹಿಡಿಕೆಗಳನ್ನು ಸುತ್ತಿಸಿದರೆ ಹಲ್ಲುಚಕ್ರಗಳು ಕಚ್ಚಿಕೊಂಡು ತಿರುಗುತ್ತಿದ್ದವು. ಹಳಿ ನಡುವೆ ಬಿರಿದು, ಎರಡು ಪಾಲುಗಳೂ ಬಾಗಿದ ಬುಡದ ಮೇಲೆ ತೂಗುಕುರ್ಚಿಯಂತೆ ಹಿಂದಕ್ಕೆ ಉರುಳುತ್ತಾ ಮೇಲೇಳುತ್ತಿದ್ದವು. ಅಷ್ಟು ಭಾರದ ಉಕ್ಕು ಕೈಬಲಕ್ಕೆ ಮಣಿಯುತ್ತಿದ್ದದ್ದು ಹಿಂಬದಿಯ ಸಮತೂಕದಿಂದ. ಯಂತ್ರಶಾಸ್ತ್ರದ ಇಂತಹ ಪಾಠ ಯಾವ ತರಗತಿಯಲ್ಲಿ ಸಿಗುತ್ತದೆ? 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಟಿಯನ್ನೂ, ತುಂಬಿದ ರೈಲೊಂದನ್ನೂ ನುಂಗಿ, ಸೇತುವೆಯ ಬಹುಪಾಲು ತೊಲೆಗಳನ್ನು ಕಡಲಿಗೆ ಕೆಡವಿತು. ಆದರೆ ಈ ಎತ್ತುವ ಭಾಗ ಉಳಿಯಿತು. ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರ ತಂಡ 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿತು.

ಇಷ್ಟು ಭಾರವನ್ನು ಕಳಚಿ ಇಡುವುದು ಆಗದ ಮಾತು ಎಂದು ಯಾರಾದರೂ ತಮಗೆ ಹೇಳಿದರೆ, ದಯವಿಟ್ಟು ಶ್ರೀರಂಗಪಟ್ಟಣದ ಕಡೆ ಕೈ ತೋರಿಸಿ. ಬೆಂಗಳೂರು–ಮೈಸೂರು ಜೋಡಿ ಹಳಿಗೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂದಾಗ ರೈಲ್ವೆ ಇಲಾಖೆ ಅದನ್ನು ಒಡೆಯಲಿಲ್ಲ. 2017ರಲ್ಲಿ ಇಟ್ಟಿಗೆ–ಗಾರೆಯ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿತು. ಮಂಡ್ಯ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಇಲಾಖೆಗೆ ಪಾಂಬನ್‌ನಲ್ಲಿ ಕೈಲಾಗದೆ? ಅದೇ ಊರಿನಲ್ಲಿ, 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಈಗಲೂ ಕಾವೇರಿಯಲ್ಲಿ ನಿಂತಿವೆ. ಹೊಸ ಸೇತುವೆ ಬಂತೆಂದು ಯಾರೂ ಅದನ್ನು ಕೀಳಲಿಲ್ಲ.

ಆದ್ದರಿಂದ ಶೆರ್ಜರ್ ಕಮಾನಿನ ಒಂದು ಪಾಲನ್ನಾದರೂ ಪಾಂಬನ್ ದಡದಲ್ಲೇ, ಅದು ದುಡಿದ ನೀರಿನ ಎದುರಿಗೇ ನಿಲ್ಲಿಸಿ. ಅದು ಅಲ್ಲಿನ ಮೀನುಗಾರರ, ರೈಲ್ವೆ ಕೆಲಸಗಾರರ ಆಸ್ತಿ. ಅದನ್ನು ಮೈಸೂರಿಗೆ ಕೇಳುವುದು ಅನ್ಯಾಯವಾದೀತು. ಆದರೆ ಒಂದು ಜೊತೆ ಹಿಡಿಕೆ ಮತ್ತು ಹಲ್ಲುಚಕ್ರಗಳನ್ನು ನಮ್ಮ ರೈಲು ವಸ್ತುಸಂಗ್ರಹಾಲಯಕ್ಕೆ ಕೊಡಿಸಿ. 1979ರಿಂದ ಇರುವ ಈ ಸಂಗ್ರಹಾಲಯದಲ್ಲಿ 1899ರ ಮಹಾರಾಣಿ ಸಲೂನ್ ಇದೆ, ಹಳೆಯ ಇಂಜಿನ್‌ಗಳಿವೆ. ಅವುಗಳ ಪಕ್ಕದಲ್ಲಿ ಶಾಲಾಮಕ್ಕಳು ತಾವೇ ಹಿಡಿಕೆ ತಿರುಗಿಸಿ ನೋಡುವಂತಹ ಒಂದು ಯಂತ್ರವೂ ಇರಲಿ.

ಗುತ್ತಿಗೆದಾರರ ಕೈಗೆ ಗ್ಯಾಸ್ ಕಟರ್ ಹೋಗುವ ಮೊದಲೇ, ಕಳಚುವ ಟೆಂಡರಿನ ಷರತ್ತುಗಳಲ್ಲಿ ಯಾವ ಭಾಗ ಉಳಿಯಬೇಕೆಂದು ಸ್ಪಷ್ಟವಾಗಿ ಬರೆಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ರೈಲು ಪ್ರಯಾಣಿಕ